ಮುಲಾಮು ಹಚ್ಚುವ ಮುನ್ನ ಓಲೆ ನೋಡಿ!

ಗಡಿ ಹಳ್ಳಿಗಳ ಮಕ್ಕಳ ತುರಿಕೆಗೆ ಕೆಟ್ಟ ರಕ್ತ ಕಾರಣವಲ್ಲ, ಮೈಗೆ ತಾಗಿದ ವಸ್ತು ಕಾರಣ

ಧನ್ವಾಡ (ನಾರಾಯಣಪೇಟೆ ಜಿಲ್ಲೆ): ಜಾತ್ರೆಯಲ್ಲಿ ಕೊಂಡ ಜೋಡಿ ಓಲೆ. ಬೆಲೆ ಕಮ್ಮಿ, ಹೊಳಪು ಜಾಸ್ತಿ. ಏಳನೇ ತರಗತಿಯ ಹುಡುಗಿ ಅದನ್ನು ಹಾಕಿಕೊಂಡು ಶಾಲೆಗೆ ಹೋದಾಗ ಗೆಳತಿಯರೆಲ್ಲ ಮುಟ್ಟಿ ನೋಡಿದ್ದೇ ನೋಡಿದ್ದು. ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರ ಕಿವಿಯ ಹಾಲೆ ಕೆಂಪಾಯಿತು, ತುರಿಸತೊಡಗಿತು. ಆಮೇಲೆ ನೀರು ಸೋರಿತು, ಹಕ್ಕಳೆ ಕಟ್ಟಿತು.

"ಉಷ್ಣ ಆಗ್ಯಾದ, ಬದನೀಕಾಯಿ ಬಂದ್ ಮಾಡ್ರಿ" ಅಂದರು ಪಕ್ಕದ ಮನೆಯವರು. "ಯಾರದೋ ದೃಷ್ಟಿ ತಾಗ್ಯಾದ" ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ರಗತ ಕೆಟ್ಟದ" ಎಂದ ಆರ್‌ಎಂಪಿ ಒಂದು ಸೂಜಿ ಚುಚ್ಚಿದರು. ಅಪ್ಪ ಮೆಡಿಕಲ್ ಅಂಗಡಿಯಿಂದ ಟ್ಯೂಬ್ ತಂದರು. ಹಚ್ಚಿದಾಗ ಎರಡು ದಿನ ಇಳಿಯಿತು, ಬಿಟ್ಟ ಕೂಡಲೇ ಮತ್ತೆ ಏರಿತು. ಇಷ್ಟೆಲ್ಲ ಆದರೂ ಓಲೆ ಮಾತ್ರ ಕಿವಿಯಲ್ಲೇ ಇತ್ತು!

ಇದು ಒಂದು ಮನೆಯ ಕಥೆಯಲ್ಲ. ಧನ್ವಾಡ, ನಾರಾಯಣಪೇಟೆ, ಮಕ್ತಲ್, ಕೃಷ್ಣಾ, ಗದ್ವಾಲ ಕಡೆಯ ಯಾವ ಊರಿನಲ್ಲಾದರೂ ಕಾಣಸಿಗುವ ದೃಶ್ಯ. ಹೆಸರು ಬೇರೆ, ವಸ್ತು ಬೇರೆ ಅಷ್ಟೆ. ಒಬ್ಬ ಹುಡುಗನಿಗೆ ಪ್ಯಾಂಟಿನ ಗುಂಡಿ, ಇನ್ನೊಬ್ಬನಿಗೆ ಹವಾಯಿ ಚಪ್ಪಲಿ, ಒಬ್ಬಳಿಗೆ ಹಣೆಯ ಟಿಕಳಿ, ಮತ್ತೊಬ್ಬಳಿಗೆ ಮದುವೆ ಮನೆಯ ಕಪ್ಪು ಮೆಹಂದಿ. ವೈದ್ಯರು ಇದನ್ನು ಸಂಪರ್ಕ ಅಲರ್ಜಿ ಎನ್ನುತ್ತಾರೆ. ಅಂದರೆ ಯಾವುದೋ ಒಂದು ವಸ್ತು ಚರ್ಮಕ್ಕೆ ತಾಗಿ, ತಾಗಿದ ಜಾಗದಲ್ಲಿ ಏಳುವ ನಂಜು. ಇದಕ್ಕೆ ಮೊದಲ ಮದ್ದು ಮೆಡಿಕಲ್ ಅಂಗಡಿಯಲ್ಲಿಲ್ಲ. ಆ ವಸ್ತುವನ್ನು ಗುರುತಿಸಿ ಮೈಯಿಂದ ದೂರ ಇಡುವುದೇ ಮೊದಲ ಮದ್ದು.

ಚರ್ಮದ ನೆನಪು ದೊಡ್ಡದು

ಸಂಪರ್ಕ ಅಲರ್ಜಿ ಮೊದಲ ದಿನವೇ ಕಾಣಿಸಿಕೊಳ್ಳುವುದಿಲ್ಲ. ಜನ ದಾರಿ ತಪ್ಪುವುದು ಇಲ್ಲೇ. ಲೋಹದ ಅಥವಾ ರಾಸಾಯನಿಕದ ಸಣ್ಣ ಕಣ ಬೆವರಿನಲ್ಲಿ ಕರಗಿ ಚರ್ಮದೊಳಗೆ ಇಳಿಯುತ್ತದೆ. ದೇಹವನ್ನು ಕಾಯುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು, ಟಿ ಕಣಗಳು, ಅದನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತವೆ. ಈ ಕೆಲಸಕ್ಕೆ ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಕೆಲವರಿಗೆ ತಿಂಗಳು, ವರ್ಷಗಳೇ ಹಿಡಿಯಬಹುದು. ಹೀಗಾಗಿ "ಇಷ್ಟು ದಿನ ಹಾಕ್ಕೊಂಡಾಗ ಏನೂ ಆಗಲಿಲ್ಲ, ಈಗ್ಯಾಕ ಆಗ್ತದ" ಎಂಬ ಮಾತಿಗೆ ಅರ್ಥವಿಲ್ಲ. ಇಷ್ಟು ದಿನ ಚರ್ಮ ಪಾಠ ಕಲಿಯುತ್ತಿತ್ತು.

ಒಮ್ಮೆ ಕಲಿತ ಮೇಲೆ ಆ ಪಾಠ ಮರೆಯುವುದು ಅಪರೂಪ. ಮುಂದೆ ಅದೇ ವಸ್ತು ತಾಗಿದರೆ ಒಂದರಿಂದ ಮೂರು ದಿನದಲ್ಲಿ ತುರಿಕೆ ಏಳುತ್ತದೆ. ಹನ್ನೆರಡು ವರ್ಷಕ್ಕೆ ಬಂದ ನಿಕ್ಕಲ್ ಅಲರ್ಜಿ ಮದುವೆ ವಯಸ್ಸಿಗೂ ಇರುತ್ತದೆ, ಮುಪ್ಪಿಗೂ ಇರುತ್ತದೆ. ಮಕ್ಕಳ ವಿಷಯದಲ್ಲಿ ಎಚ್ಚರ ಬೇಕಿರುವುದು ಇದೇ ಕಾರಣಕ್ಕೆ. ಇವತ್ತಿನ ಅಗ್ಗದ ಓಲೆ ಆಕೆ ನಾಳೆ ಏನು ತೊಡಬಹುದು, ಯಾವ ಕೆಲಸ ಮಾಡಬಹುದು ಎಂಬುದನ್ನೂ ತೀರ್ಮಾನಿಸಬಹುದು.

ಎಲ್ಲ ತುರಿಕೆಯೂ ಅಲರ್ಜಿಯಲ್ಲ ಎಂಬುದೂ ಗೊತ್ತಿರಬೇಕು. ಬಟ್ಟೆ ಸೋಪು, ಫಿನಾಯಿಲು, ನೀರು ಬೆರೆಸದ ಡೆಟಾಲ್ ಯಾರ ಚರ್ಮವನ್ನಾದರೂ ಸುಡುತ್ತವೆ. ಬೆಳ್ಳುಳ್ಳಿ ಅರೆದು ಕಟ್ಟಿದರೂ ಬೊಬ್ಬೆ ಏಳುತ್ತದೆ. ಇದು ಕೆರಳಿಕೆ. ಅಲರ್ಜಿ ಹಾಗಲ್ಲ, ಅದು ಕೆಲವರಿಗೆ ಮಾತ್ರ. ಒಂದೇ ಜಾತ್ರೆಯಲ್ಲಿ, ಒಂದೇ ಅಂಗಡಿಯಲ್ಲಿ ಓಲೆ ಕೊಂಡ ಅಕ್ಕ-ತಂಗಿಯರಲ್ಲಿ ಒಬ್ಬಳ ಕಿವಿ ಸೋರುತ್ತದೆ, ಇನ್ನೊಬ್ಬಳಿಗೆ ಏನೂ ಆಗುವುದಿಲ್ಲ.

'ಒಂದು ಗ್ರಾಂ' ಬಂಗಾರದ ಒಳಗೆ

ನಾರಾಯಣಪೇಟೆ ಎಂದರೆ ಸೀರೆ, ನಾರಾಯಣಪೇಟೆ ಎಂದರೆ ಬಂಗಾರ. ಗಡಿಯ ಆಚೆ ಗುರುಮಠಕಲ್, ಯಾದಗಿರಿ ಕಡೆಯವರೂ ಮದುವೆ ಒಡವೆಗೆ ಈ ಪೇಟೆ ಹತ್ತಿದವರೇ. ಹಿಂದೆ ಮಗುವಿನ ಕಿವಿ ಚುಚ್ಚುವುದಿದ್ದರೆ ಪತ್ತಾರರು ತೆಳ್ಳಗಿನ ಬಂಗಾರದ ತಂತಿಯಿಂದಲೇ ಚುಚ್ಚುತ್ತಿದ್ದರು. ಗುಲಗಂಜಿ ತೂಕವಾದರೂ ಸರಿ, ಬಂಗಾರವೇ ಆಗಬೇಕಿತ್ತು.

ಈಗ ಕಾಲ ಬದಲಾಗಿದೆ. 2025ರಲ್ಲಿ ಹತ್ತು ಗ್ರಾಂ ಬಂಗಾರದ ಬೆಲೆ ಲಕ್ಷ ರೂಪಾಯಿ ದಾಟಿತು. ಕೂಲಿ ಮಾಡುವವರು, ಸಣ್ಣ ರೈತರು ಮಗಳಿಗೆ ಬಂಗಾರ ಇಡುವುದಾದರೂ ಹೇಗೆ? ಆ ಜಾಗಕ್ಕೆ 'ಒಂದು ಗ್ರಾಂ ಗೋಲ್ಡ್' ಎಂಬ ಒಡವೆ ಬಂದಿದೆ. ಮೇಲೆ ಬಂಗಾರದ ನೀರು, ಒಳಗೆ ಬೇರೆ ಲೋಹ. ಮಕ್ತಲದ ಪಡಮಟಿ ಆಂಜನೇಯ ಜಾತ್ರೆ, ಗದ್ವಾಲದ ಜಮುಲಮ್ಮ ಜಾತ್ರೆ, ವಾರದ ಸಂತೆ ಎಲ್ಲಿ ನೋಡಿದರೂ ಇಂಥ ಒಡವೆಯ ಅಂಗಡಿಗಳ ಸಾಲು. ಕೊಳ್ಳುವವರನ್ನು ತಪ್ಪು ಎನ್ನುವಂತಿಲ್ಲ. ಹೆಣ್ಣುಮಗುವಿನ ಕಿವಿ ಬರಿದಾಗಿ ಇರಬಾರದು ಎಂಬುದು ಇಲ್ಲಿನ ಮನೆಗಳ ಆಸೆ.

ತೊಂದರೆ ಇರುವುದು ಒಳಗಿನ ಲೋಹದಲ್ಲಿ. ಅಗ್ಗದ ಒಡವೆಗಳಿಗೆ ಗಟ್ಟಿತನ ಮತ್ತು ಹೊಳಪು ಬರಲೆಂದು ನಿಕ್ಕಲ್ ಬೆರೆಸುತ್ತಾರೆ ಅಥವಾ ಬಂಗಾರದ ನೀರಿನ ಕೆಳಗೆ ನಿಕ್ಕಲ್ ಲೇಪ ಕೊಡುತ್ತಾರೆ. ಬೆವರು, ಉಜ್ಜಾಟಕ್ಕೆ ಮೇಲಿನ ಲೇಪ ಸವೆಯುತ್ತದೆ. ನಿಕ್ಕಲ್ ಹೊರಗೆ ಬಂದು ನೇರ ಗಾಯದ ತೂತಿಗೆ ತಾಗುತ್ತದೆ. ಜಗತ್ತಿನಲ್ಲಿ ಸಂಪರ್ಕ ಅಲರ್ಜಿಗೆ ಅತಿ ಹೆಚ್ಚು ಕಾರಣವಾಗುವ ಲೋಹ ನಿಕ್ಕಲ್. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2008ರಲ್ಲಿ ಇದನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು.

ಇದನ್ನು ತಡೆಯಲು ಸಾಧ್ಯವೇ? ಸಾಧ್ಯ ಎಂದು ಯುರೋಪಿನ ದೇಶಗಳು ತೋರಿಸಿಕೊಟ್ಟಿವೆ. ಡೆನ್ಮಾರ್ಕ್ 1990ರ ಹೊತ್ತಿಗೇ ಒಡವೆಯಿಂದ ಹೊರಬರುವ ನಿಕ್ಕಲ್ಲಿಗೆ ಮಿತಿ ಹಾಕಿತು. 1994ರಲ್ಲಿ ಯುರೋಪ್ ಒಕ್ಕೂಟವೂ ಕಾನೂನು ತಂದಿತು. ಚರ್ಮಕ್ಕೆ ತಾಗುವ ವಸ್ತುವಿನ ಒಂದು ಚದರ ಸೆಂಟಿಮೀಟರ್‌ನಿಂದ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದು. ಚುಚ್ಚಿದ ತೂತಿಗೆ ಹಾಕುವ ಕಡ್ಡಿಗೆ ಮಿತಿ ಇನ್ನೂ ಬಿಗಿ, 0.2 ಮೈಕ್ರೋಗ್ರಾಂ. ಕಾನೂನು ಬಂದ ನಂತರ ಕಿವಿ ಚುಚ್ಚಿಸಿಕೊಂಡ ಡೆನ್ಮಾರ್ಕಿನ ಹುಡುಗಿಯರಲ್ಲಿ ನಿಕ್ಕಲ್ ಅಲರ್ಜಿ ಇಳಿಯಿತು. ಇಲ್ಲಿ ಜಾತ್ರೆಯ ಓಲೆಯ ಮೇಲೆ ಒಳಗೆ ಏನಿದೆ ಎಂದು ಬರೆದಿರುವುದಿಲ್ಲ. ನೋಡಿ ಕೊಳ್ಳಬೇಕಾದವರು ತಾಯಂದಿರೇ.

ನೋಡುವುದಕ್ಕೂ ಒಂದು ದಾರಿ ಇದೆ. ಇಂಟರ್‌ಮೀಡಿಯೆಟ್ ವಿಜ್ಞಾನ ಓದುವ ಮಕ್ಕಳು ಪ್ರಯೋಗಾಲಯದಲ್ಲಿ ಲವಣ ಪರೀಕ್ಷೆ ಮಾಡುವಾಗ ಡೈಮಿಥೈಲ್ ಗ್ಲೈಆಕ್ಸೈಮ್ ಎಂಬ ದ್ರಾವಣ ಬಳಸುತ್ತಾರೆ. ಅಮೋನಿಯಾ ಜೊತೆ ಆ ದ್ರಾವಣದ ಒಂದೆರಡು ಹನಿಯನ್ನು ಹತ್ತಿಯ ಕಡ್ಡಿಗೆ ಹಾಕಿ ಒಡವೆಯನ್ನು ಉಜ್ಜಿದರೆ, ನಿಕ್ಕಲ್ ಬಿಡುತ್ತಿದ್ದಲ್ಲಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಚರ್ಮರೋಗ ತಜ್ಞರು ಬಳಸುವ ಪರೀಕ್ಷೆಯೂ ಇದೇ. ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕರು ಮನಸ್ಸು ಮಾಡಿದರೆ ವಿಜ್ಞಾನ ದಿನಾಚರಣೆಯಂದು ಊರಿನ ಹುಡುಗಿಯರ ಓಲೆಗಳನ್ನೆಲ್ಲ ಒಂದೇ ದಿನದಲ್ಲಿ ನೋಡಿಬಿಡಬಹುದು.

ಜಾಗ ನೋಡಿ, ಕಾರಣ ಹಿಡಿಯಿರಿ

ಸಂಪರ್ಕ ಅಲರ್ಜಿಯ ಒಂದು ಉಪಕಾರವೆಂದರೆ ಅದು ತಾನೇ ಸುಳಿವು ಕೊಡುತ್ತದೆ. ಗುಳ್ಳೆ ಎಲ್ಲಿ ಎದ್ದಿದೆಯೋ ಅಲ್ಲಿ ಏನು ತಾಗುತ್ತದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಕಿವಿಯ ಹಾಲೆ, ಕುತ್ತಿಗೆ, ಮಣಿಕಟ್ಟಿನಲ್ಲಿದ್ದರೆ ಓಲೆ, ಸರ, ಬಳೆ, ಗಡಿಯಾರ. ಹೊಕ್ಕಳಿನ ಕೆಳಗೆ ರೂಪಾಯಿ ಅಗಲದ ಕಪ್ಪು ಮಚ್ಚೆಯಂತೆ ತುರಿಸುತ್ತಿದ್ದರೆ ಜೀನ್ಸ್ ಗುಂಡಿ ಅಥವಾ ಬೆಲ್ಟಿನ ಬಕ್ಕಲ್. ಚಿಕ್ಕ ಮಕ್ಕಳ ಸೊಂಟದ ಸುತ್ತ ಇದ್ದರೆ ಉಡದಾರಕ್ಕೆ ಕಟ್ಟಿದ ತಾಯಿತ, ಗೆಜ್ಜೆ. ಪಾದದ ಮೇಲೆ ಇಂಗ್ಲಿಷ್ 'ವಿ' ಅಕ್ಷರದ ಆಕಾರದಲ್ಲಿ ಕಪ್ಪಾಗಿದ್ದರೆ ಅದು ಹವಾಯಿ ಚಪ್ಪಲಿಯ ಪಟ್ಟಿ. ರಬ್ಬರು ಹದಕ್ಕೆ ಬರಲೆಂದು ಬೆರೆಸುವ ರಾಸಾಯನಿಕಗಳು ಇದಕ್ಕೆ ಕಾರಣ. ಶಾಲೆಯ ಚರ್ಮದ ಬೂಟು ಹಾಕುವವರಿಗೆ ಚರ್ಮ ಹದ ಮಾಡಲು ಬಳಸುವ ಕ್ರೋಮಿಯಂ ತೊಂದರೆ ಕೊಡಬಹುದು. ಕಂಕುಳ ಸುತ್ತ, ತೊಡೆಯ ಸಂದಿಯಲ್ಲಿ ಬಂದರೆ ಗಾಢ ಬಣ್ಣದ ಪಾಲಿಯೆಸ್ಟರ್ ಬಟ್ಟೆಯ ಬಣ್ಣವನ್ನು ಅನುಮಾನಿಸಬೇಕು. ಈ ವಿಷಯದಲ್ಲಿ ಮಗ್ಗದ ಹತ್ತಿ ಬಟ್ಟೆಯೇ ಮೇಲು. ಪಾಲಿಯೆಸ್ಟರಿಗೆ ಹಾಕುವ ಬಗೆಯ ಬಣ್ಣ ಹತ್ತಿಗೆ ಹಿಡಿಯುವುದಿಲ್ಲ.

ಹಣೆಯ ನಡುವೆ ಬರುವ ತೊಂದರೆ ಬೇರೆ ತೆರನದು. ಅಂಟಿಸುವ ಟಿಕಳಿಯ ಗೋಂದಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇದ್ದರೆ ಮೊದಲು ತುರಿಕೆ, ನಂತರ ಟಿಕಳಿ ಆಕಾರದಲ್ಲೇ ಬಿಳಿ ಕಲೆ ಬೀಳಬಹುದು. ಕೆಲವು ರಬ್ಬರ್ ಚಪ್ಪಲಿಗಳಿಂದ ಪಾದದ ಮೇಲೂ ಹೀಗಾಗುತ್ತದೆ. ಬಿಳಿ ಕಲೆ ಕಂಡ ಕೂಡಲೇ "ತೊನ್ನು" ಎಂದು ಓಣಿಯಲ್ಲಿ ಸುದ್ದಿಯಾಗುತ್ತದೆ. ಮುಂದೆ ಮದುವೆ ಮಾತುಕತೆವರೆಗೂ ಅದು ಬೆನ್ನು ಹತ್ತುತ್ತದೆ. ತಡಮಾಡದೆ ಟಿಕಳಿ ಬಿಟ್ಟು ಚರ್ಮರೋಗ ತಜ್ಞರಿಗೆ ತೋರಿಸಿದರೆ ಬಣ್ಣ ಮರಳುವ ಸಾಧ್ಯತೆ ಇರುತ್ತದೆ. ತಡವಾದರೆ ಕಲೆ ಉಳಿದುಬಿಡಬಹುದು.

ಗೋರಂಟಿ ಕೆಂಪೇ ಇರಲಿ

ಆಷಾಢ ಬಂತೆಂದರೆ ತೆಲಂಗಾಣದ ಹೆಣ್ಣುಮಕ್ಕಳ ಕೈಯಲ್ಲಿ ಗೋರಿಂಟಾಕು, ನಾಗರಪಂಚಮಿಗೆ ಕನ್ನಡದ ಮನೆಗಳಲ್ಲಿ ಗೋರಂಟಿ. ರಂಜಾನ್ ಹಿಂದಿನ ರಾತ್ರಿ ಮುಸ್ಲಿಂ ಮನೆಗಳಲ್ಲಿ ಮೆಹಂದಿ. ಗಡಿಯಲ್ಲಿ ಭಾಷೆ, ಧರ್ಮ ಯಾವುದಾದರೂ ಕೈಯ ಬಣ್ಣ ಒಂದೇ. ಗಿಡದಿಂದ ತಂದ ಎಲೆ ಅರೆದು ಹಚ್ಚಿದ ಗೋರಂಟಿಯಿಂದ ಅಲರ್ಜಿ ಬರುವುದು ತೀರಾ ಕಮ್ಮಿ. ಅದು ಬಣ್ಣ ಬಿಡಲು ಗಂಟೆಗಟ್ಟಲೆ ಬೇಕು, ಬರುವ ಬಣ್ಣ ಕಿತ್ತಳೆ ಅಥವಾ ಕಂದುಗೆಂಪು.

ಅರ್ಧ ಗಂಟೆಯಲ್ಲಿ ಕಪ್ಪು ಬಣ್ಣ ಕೊಡುತ್ತದೆ ಎಂದು ಮಾರುವ ಕೋನ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಕೂದಲಿಗೆ ಹಚ್ಚುವ ಕಪ್ಪು ಬಣ್ಣದಲ್ಲಿರುವ ಪ್ಯಾರಾಫಿನೈಲೀನ್ ಡೈಅಮೀನ್, ಅಂದರೆ ಪಿಪಿಡಿ, ಇಂಥ 'ಕಪ್ಪು ಮೆಹಂದಿ'ಗೆ ಬೆರೆತಿರುವುದು ಅನೇಕ ದೇಶಗಳಲ್ಲಿ ಪತ್ತೆಯಾಗಿದೆ. ಅದು ತಾಗಿದ ಕೆಲ ದಿನಗಳಿಗೆ ಹಚ್ಚಿದ ಬಳ್ಳಿ, ಹೂವಿನ ಗೆರೆಯ ಮೇಲೆಯೇ ಬೊಬ್ಬೆ ಏಳುತ್ತವೆ. ವಾಸಿಯಾದ ಮೇಲೂ ಚಿತ್ತಾರದ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹುಡುಗಿ ದೊಡ್ಡವಳಾಗಿ ಎಂದೋ ಒಮ್ಮೆ ಕೂದಲಿಗೆ ಬಣ್ಣ ಹಚ್ಚಿದರೆ ಮುಖ, ಕಣ್ಣು ಊದಿಕೊಂಡು ಆಸ್ಪತ್ರೆ ಸೇರಬೇಕಾದೀತು. ಕಪ್ಪು ಬಣ್ಣದ ಅವಸರಕ್ಕೆ ಜೀವಮಾನದ ದಂಡ ತೆರಬೇಕೇ?

ಹೊಲದ ಗಿಡ, ಬಾಗಿಲ ಬೀಜ

ಮಳೆಗಾಲ ಮುಗಿಯುವ ಹೊತ್ತಿಗೆ ಧನ್ವಾಡದಿಂದ ಮಕ್ತಲ್‌ವರೆಗೆ ರಸ್ತೆಯಂಚು, ಬೀಳು ಹೊಲ, ಶಾಲೆಯ ಮೈದಾನ ಎಲ್ಲೆಲ್ಲೂ ಬಿಳಿ ಹೂವಿನ ಕಾಂಗ್ರೆಸ್ ಹುಲ್ಲು. ತೆಲುಗಿನಲ್ಲಿ ಇದರ ಹೆಸರು ವಯ್ಯಾರಿಭಾಮ. ಹೆಸರು ವಯ್ಯಾರದ್ದು, ಗುಣ ಮಾತ್ರ ವಿಷದ್ದು. 1956ರಲ್ಲಿ ಪುಣೆಯಲ್ಲಿ ದಾಖಲಾದ ಈ ಪಾರ್ಥೇನಿಯಂ ದೇಶವನ್ನೇ ಆವರಿಸಿತು. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆಯನ್ನು ಬಿಟ್ಟು ಇದನ್ನು ತಿನ್ನಿಸುವ ಪ್ರಯತ್ನವೂ ನಡೆಯಿತು, ಗಿಡ ಮಾತ್ರ ಪೂರ್ತಿ ಹೋಗಲಿಲ್ಲ.

ಇದರಲ್ಲಿರುವ ಪಾರ್ಥೆನಿನ್ ಎಂಬ ಅಂಶ ಗಿಡ ಮುಟ್ಟಿದರಷ್ಟೇ ಅಲ್ಲ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ಕೂತರೂ ಕೆಲಸ ಮಾಡುತ್ತದೆ. ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ ಕಾಣುತ್ತದೆ. ಹೆಚ್ಚಾಗಿ ಬಳಲುವವರು ವರ್ಷಗಟ್ಟಲೆ ಹೊಲದಲ್ಲಿ ದುಡಿದ ದೊಡ್ಡವರು. ಆದರೆ ಮೊದಲೇ ಒಣ ಚರ್ಮ, ಇಸುಬು ಇರುವ ಮಕ್ಕಳಿಗೂ ಬರುತ್ತದೆ. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಒಳ್ಳೆಯ ಕೆಲಸವೇ. ಆದರೆ ಮಕ್ಕಳ ಕೈಯಲ್ಲಿ ಬರಿಗೈಯಿಂದ ಗಿಡ ಕೀಳಿಸುವುದು ಸರಿಯಲ್ಲ. ಆ ಕೆಲಸಕ್ಕೆ ಕೈಗವಸು, ತುಂಬು ತೋಳಿನ ಅಂಗಿ ಹಾಕಿದ ದೊಡ್ಡವರೇ ಆಗಬೇಕು.

ಗದ್ವಾಲ ಸೀಮೆಯ ಸಂಕಟ ಇನ್ನೊಂದು. ಅಲ್ಲಿ ಹತ್ತಿ ಬೀಜೋತ್ಪಾದನೆ ದೊಡ್ಡ ವ್ಯವಹಾರ. ಹೂವಿಗೆ ಹೂವು ಮುಟ್ಟಿಸಿ ಪರಾಗಸ್ಪರ್ಶ ಮಾಡುವ ಕೆಲಸಕ್ಕೆ ಶಾಲೆ ಬಿಡಿಸಿ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಹಚ್ಚುವ ಬಗ್ಗೆ ವರ್ಷಗಳಿಂದ ವರದಿಗಳು ಬಂದಿವೆ. ಔಷಧಿ ಹೊಡೆದ ಹೊಲದಲ್ಲಿ ದಿನವಿಡೀ ಗಿಡದ ನಡುವೆ ನಿಲ್ಲುವ ಮಗುವಿನ ಕೈ, ಕಾಲು, ಮುಖದ ಚರ್ಮಕ್ಕೆ ಕೀಟನಾಶಕ ತಾಗದೆ ಇರುತ್ತದೆಯೇ? ಇಲ್ಲಿ ತುರಿಕೆಗೆ ಮದ್ದು ಒಂದೇ, ಮಗು ಹೊಲ ಬಿಟ್ಟು ಶಾಲೆಗೆ ಬರಬೇಕು.

ಇನ್ನು ಮನೆಯೊಳಗೇ ಇರುವ ಶತ್ರು ಗೇರು ಬೀಜ. ತಿನ್ನುವ ಗೋಡಂಬಿಯ ಗೇರಲ್ಲ, ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಪ್ಪು ಬೀಜ. ತೆಲುಗಿನಲ್ಲಿ ನಲ್ಲಜೀಡಿ. ದೃಷ್ಟಿ ತಾಗದಿರಲೆಂದು ಇದನ್ನು ಬಾಗಿಲಿಗೆ, ತೊಟ್ಟಿಲಿಗೆ ಕಟ್ಟುವವರಿದ್ದಾರೆ. ನೋವಿಗೆ, ಉಳುಕಿಗೆ ಇದರ ಎಣ್ಣೆಯಿಂದ ಚುಕ್ಕೆ ಇಡುವವರೂ ಇದ್ದಾರೆ. ಆ ಎಣ್ಣೆ ತಾಗಿದರೆ ಚರ್ಮ ಸುಟ್ಟಂತಾಗಿ ಬೊಬ್ಬೆ ಏಳುತ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಭಾರತದಲ್ಲಿದ್ದ ಅಮೆರಿಕದ ಸೈನಿಕರ ಬಟ್ಟೆಗೆ ಹಾಕಿದ ಈ ಗುರುತಿನಿಂದ ಅವರ ಕತ್ತಿನಲ್ಲಿ ಹುಣ್ಣಾಗಿ, 1943ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಗಟ್ಟಿ ಮೈಯ ಸೈನಿಕರಿಗೇ ಹಾಗಾದರೆ ತೊಟ್ಟಿಲ ಕೂಸಿನ ಗತಿ ಏನು?

ಟ್ಯೂಬಿನ ಮೋಸ

"ಟ್ಯೂಬ್ ಹಚ್ಚಿದ್ರ ಮೂರ ದಿನಕ್ಕ ಮಾಯ ಆಗ್ತದ, ಬಿಟ್ರ ಮತ್ತ ಬರ್ತದ" ಎಂಬ ಮಾತು ಊರೂರಲ್ಲೂ ಕೇಳುತ್ತದೆ. ಹಾಗೆ ಕೆಲಸ ಮಾಡುವ ಮುಲಾಮಿನಲ್ಲಿ ಹೆಚ್ಚಾಗಿ ಇರುವುದು ಸ್ಟೀರಾಯ್ಡ್. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಅದು ಒಳ್ಳೆಯ ಔಷಧವೇ. ಸಂಪರ್ಕ ಅಲರ್ಜಿಗೆ ತಜ್ಞರೂ ಅದನ್ನೇ ಬರೆಯುತ್ತಾರೆ. ಆದರೆ ಕ್ಲೊಬೆಟಾಸೋಲ್, ಬೆಟಮೆಥಾಸೋನ್‌ನಂಥ ಜೋರು ಔಷಧವನ್ನು ತಿಂಗಳುಗಟ್ಟಲೆ ತಿಕ್ಕಿದರೆ ಚರ್ಮ ತೆಳುವಾಗುತ್ತದೆ, ಬರೆ ಬೀಳುತ್ತದೆ, ಮುಖದಲ್ಲಿ ಮೊಡವೆ, ಕೂದಲು ಏಳುತ್ತವೆ. ಹುಳುಕಡ್ಡಿ ಇದ್ದ ಜಾಗಕ್ಕೆ ಹಚ್ಚಿದರೆ ಅದು ಒಳಗೊಳಗೇ ಹರಡುತ್ತದೆ. ಮಕ್ಕಳ ಎಳೆ ಚರ್ಮ ಔಷಧವನ್ನು ದೊಡ್ಡವರಿಗಿಂತ ಹೆಚ್ಚು ಹೀರಿಕೊಳ್ಳುತ್ತದೆ.

ಈ ದುರ್ಬಳಕೆ ತಡೆಯಲು ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ 'ಶೆಡ್ಯೂಲ್ ಎಚ್' ಪಟ್ಟಿಗೆ ಸೇರಿಸಿತು. ಚೀಟಿ ಕೇಳದೆ ಕೊಡುವ ಅಂಗಡಿಯೂ, ಚೀಟಿ ಇಲ್ಲದೆ ಕೇಳುವ ಗಿರಾಕಿಯೂ ಬದಲಾಗಬೇಕು. ಇನ್ನೊಂದು ವಿಚಿತ್ರವೆಂದರೆ, ಗಾಯಕ್ಕೆಂದು ಹಚ್ಚುವ ನಿಯೋಮೈಸಿನ್ ಇರುವ ಮುಲಾಮಿಗೇ ಕೆಲವರಿಗೆ ಅಲರ್ಜಿ ಇರುತ್ತದೆ. ಹಚ್ಚಿದಷ್ಟೂ ಹೆಚ್ಚುತ್ತಿದ್ದರೆ ಮುಲಾಮನ್ನೇ ಅನುಮಾನಿಸಬೇಕು.

ತೆಲುಗಿನ 'ಗಜ್ಜಿ', ಕನ್ನಡದ ತುರಿಕೆ

ಗಡಿಯವರಿಗೆ ಭಾಷೆಯ ತೊಡಕೂ ಇದೆ. ಮನೆಯಲ್ಲಿ ಕನ್ನಡ ಆಡುವ ತಾಯಿ ಆಸ್ಪತ್ರೆಗೆ ಹೋಗಿ ತನಗೆ ಬಂದಷ್ಟು ತೆಲುಗಿನಲ್ಲಿ "ಗಜ್ಜಿ" ಎಂದುಬಿಟ್ಟರೆ ಕೇಳಿದವರಿಗೆ ಹೊಳೆಯುವುದು ಹುಳುವಿನಿಂದ ಹರಡುವ ಕಜ್ಜಿ. ಕೈಗೆ ಬರುವುದು ಅದರ ಔಷಧ. ತುರಿಕೆಗೆ ತೆಲುಗಿನಲ್ಲಿ "ದುರದ" ಎನ್ನುತ್ತಾರೆ. "ಇಲ್ಲಿ ದುರದ, ಇಲ್ಲಿ ಈ ವಸ್ತು ತಾಗುತ್ತದೆ" ಎಂದು ಜಾಗ ತೋರಿಸಿ, ಓಲೆಯನ್ನೋ ಚಪ್ಪಲಿಯನ್ನೋ ಕೈಯಲ್ಲೇ ಒಯ್ದರೆ ಭಾಷೆ ಅಡ್ಡಿಯಾಗುವುದಿಲ್ಲ.

ಎರಡಕ್ಕೂ ವ್ಯತ್ಯಾಸ ಸುಲಭ. ಕಜ್ಜಿಯಾದರೆ ರಾತ್ರಿ ತುರಿಕೆ ಹೆಚ್ಚು, ಬೆರಳ ಸಂದಿಯಲ್ಲಿ ಗುಳ್ಳೆ, ಮನೆಯಲ್ಲಿ ಇನ್ನೂ ಇಬ್ಬರು ಮೂವರು ಕೆರೆದುಕೊಳ್ಳುತ್ತಿರುತ್ತಾರೆ. ಸಂಪರ್ಕ ಅಲರ್ಜಿಯಾದರೆ ವಸ್ತು ತಾಗಿದ ಜಾಗದಲ್ಲೇ ಶುರು, ಪಕ್ಕದಲ್ಲಿ ಮಲಗಿದವರಿಗೆ ಏನೂ ಇಲ್ಲ. ಕಜ್ಜಿ ಅಂಟುತ್ತದೆ, ಅಲರ್ಜಿ ಅಂಟುವುದಿಲ್ಲ. ಈ ವ್ಯತ್ಯಾಸ ಶಾಲೆ, ವಸತಿನಿಲಯಗಳಿಗೆ ಗೊತ್ತಿರಲೇಬೇಕು. ಕಿವಿ ಸೋರುವ ಹುಡುಗಿಯನ್ನು ಕೊನೆಯ ಬೆಂಚಿಗೆ ಕೂಡಿಸುವುದು, ಊಟದ ಸಾಲಿನಲ್ಲಿ ದೂರ ಇಡುವುದು ಆಕೆಗೆ ತುರಿಕೆಗಿಂತ ದೊಡ್ಡ ನೋವು. ಆ ವಯಸ್ಸಿನಲ್ಲಿ ಶಾಲೆ ಬಿಡಲು ಅಷ್ಟು ಸಾಕು.

ಶಾಲೆಗೆ ಬರುವ ಆರೋಗ್ಯ ತಪಾಸಣೆ ತಂಡವನ್ನು ಬಳಸಿಕೊಳ್ಳಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕಜ್ಜಿ, ಹುಳುಕಡ್ಡಿ, ಇಸುಬು ಸೇರಿವೆ. ತಂಡ ಬಂದಾಗ ಮಗುವನ್ನು ಮುಂದೆ ನಿಲ್ಲಿಸಿ ತೋರಿಸುವುದು ಶಿಕ್ಷಕರ ಕೈಯಲ್ಲಿದೆ.

ಕಾರಣ ಗೊತ್ತಾಗದೆ ಮತ್ತೆ ಮತ್ತೆ ಬರುತ್ತಿದ್ದರೆ ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆ ಇದೆ. 1895ರಲ್ಲಿ ಜರ್ಮನ್ ವೈದ್ಯ ಯೋಸೆಫ್ ಯಾಡಸ್ಸೋನ್ ಪರಿಚಯಿಸಿದ ಈ ಕ್ರಮ ಇಂದಿಗೂ ನಡೆದು ಬಂದಿದೆ. ಅನುಮಾನದ ವಸ್ತುಗಳನ್ನು ಅತಿ ಕಡಿಮೆ ಪ್ರಮಾಣದಲ್ಲಿ ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸುತ್ತಾರೆ. 48 ಗಂಟೆಗೆ ಪಟ್ಟಿ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎಲ್ಲಿ ಕೆಂಪಾಗಿ ಗುಳ್ಳೆ ಎದ್ದಿತೋ ಅದೇ ಕಳ್ಳ. ಸೂಜಿ ಇಲ್ಲ, ನೋವಿಲ್ಲ. ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ಹಾಗಾಗಿ ಬೇಸಿಗೆಗಿಂತ ಚಳಿಗಾಲ ಮೇಲು. ಮಕ್ಕಳಿಗೂ ಮಾಡಬಹುದು. ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ 'ಅಲರ್ಜಿ ರಕ್ತ ಪರೀಕ್ಷೆ' ಈ ಬಗೆಯ ಅಲರ್ಜಿಯನ್ನು ಹಿಡಿಯುವುದಿಲ್ಲ. ಅದು ಬೇರೆ ಬಗೆಯ ಅಲರ್ಜಿಗೆ ಇರುವ ಪರೀಕ್ಷೆ.

ಪ್ಯಾಚ್ ಟೆಸ್ಟ್ ಎಲ್ಲ ಕಡೆ ಇರುವುದಿಲ್ಲ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಮೊದಲು ವಿಚಾರಿಸಬೇಕು. 2019ರ ಫೆಬ್ರುವರಿಯಲ್ಲಿ ಜಿಲ್ಲೆಯಾದ ನಾರಾಯಣಪೇಟೆಗೂ, ಗದ್ವಾಲಕ್ಕೂ 2024ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಮಹಬೂಬನಗರದಲ್ಲಿ ಮೊದಲಿನಿಂದಲೂ ಇದೆ. ಕನ್ನಡದಲ್ಲೇ ಮಾತಾಡಬೇಕೆಂದರೆ ರಾಯಚೂರಿನ ರಿಮ್ಸ್ ಇದೆ. ದೇವರಕದ್ರಾ, ಮಕ್ತಲ್, ಕೃಷ್ಣಾ ರೈಲು ಮಾರ್ಗ ಪೂರ್ಣಗೊಂಡು 2023ರ ಅಕ್ಟೋಬರ್ 1ರಂದು ಕಾಚಿಗುಡ-ರಾಯಚೂರು ರೈಲಿಗೆ ಚಾಲನೆ ಸಿಕ್ಕ ಮೇಲೆ ನದಿ ದಾಟುವುದು ಮೊದಲಿನಷ್ಟು ಕಷ್ಟವಲ್ಲ.

ತಾಯಂದಿರು ಏನು ಮಾಡಬೇಕು?

* ತುರಿಕೆ ಎದ್ದ ಜಾಗಕ್ಕೆ ತಾಗುವ ವಸ್ತುವನ್ನು ಮೊದಲು ತೆಗೆಯಿರಿ. ತಣ್ಣೀರಲ್ಲಿ ತೊಳೆದು, ಒದ್ದೆ ಬಟ್ಟೆ ಇಡಿ. ವಸ್ತು ತೆಗೆದ ಮೇಲೂ ಪೂರ್ತಿ ಇಳಿಯಲು ಎರಡು ಮೂರು ವಾರ ಬೇಕು, ಅವಸರ ಬೇಡ.

* ಕಿವಿ ಚುಚ್ಚಿಸುವಾಗ ಬಂಗಾರ ಆಗದಿದ್ದರೆ ಟೈಟಾನಿಯಂ ಅಥವಾ ನಿಕ್ಕಲ್ ಇಲ್ಲದ ಶುದ್ಧ ಬೆಳ್ಳಿಯ ಕಡ್ಡಿ ಕೇಳಿ. ಗಾಯ ಮಾಯುವವರೆಗೆ ಜಾತ್ರೆಯ ಓಲೆ ಬೇಡವೇ ಬೇಡ.

* ಪ್ಯಾಂಟಿನ ಗುಂಡಿಯ ಒಳಬದಿಗೆ ಹತ್ತಿ ಬಟ್ಟೆ ಹೊಲಿಯಿರಿ. ಅಂಗಿಯನ್ನು ಒಳಗೆ ಸಿಕ್ಕಿಸಿ ಹಾಕಿಸಿ.

* ಬದನೆ, ಬೇಳೆ, ಮೊಟ್ಟೆ ಬಿಡಿಸಬೇಡಿ. ಮೈಗೆ ತಾಗಿದ್ದಕ್ಕೆ ಬಂದ ತುರಿಕೆಗೆ ಹೊಟ್ಟೆಗೆ ಶಿಕ್ಷೆ ಯಾಕೆ? ಬೆಳೆಯುವ ಮಗುವಿಗೆ ಊಟ ಬೇಕು.

* ಸುಣ್ಣ, ಬೆಳ್ಳುಳ್ಳಿ, ಗೇರೆಣ್ಣೆ ಹಚ್ಚಬೇಡಿ. ಗಾಯಕ್ಕೆ ಕೀವು ಬಂದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಮುಖ, ಕಣ್ಣು ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

* ಯಾವ ವಸ್ತುವಿಗೆ ಅಲರ್ಜಿ ಎಂದು ಗೊತ್ತಾದರೆ ಚೀಟಿಯಲ್ಲಿ ಬರೆಸಿ ಇಟ್ಟುಕೊಳ್ಳಿ. ಮಗಳು ಅತ್ತೆ ಮನೆಗೆ ಹೋಗುವಾಗಲೂ, ಮಗ ಕೆಲಸಕ್ಕೆ ಸೇರುವಾಗಲೂ ಅದು ಬೇಕಾಗುತ್ತದೆ.

ಹಿಂದೆ ಬಂಗಾರ ಕೊಳ್ಳಲಾಗದ ಮನೆಗಳಲ್ಲಿ ಮಗುವಿನ ಕಿವಿ ಚುಚ್ಚಿ, ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಇಡುತ್ತಿದ್ದರು. ನೋಡಲು ಚೆಂದವಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ. "ಬಂಗಾರ ಬಂದಾಗ ಬರ್ತದ, ಕಿವಿ ಚೊಲೋ ಇರ್ಲಿ" ಎನ್ನುತ್ತಿದ್ದರು ಹಿರಿಯರು. ಆ ಕಡ್ಡಿಯಲ್ಲಿ ನಿಕ್ಕಲ್ ಇರಲಿಲ್ಲ. ಮುಂದಿನ ಜಾತ್ರೆಯಲ್ಲಿ ಒಡವೆ ಅಂಗಡಿಯ ಮುಂದೆ ಮಗಳು ಕೈ ಹಿಡಿದು ಎಳೆದಾಗ, ಈ ಮಾತು ನೆನಪಾದರೆ ಸಾಕು.